ನದಿಯ ಬಣ್ಣಕ್ಕೆ ಕಡಲ ಶಿಲೀಂಧ್ರದ ಮದ್ದು

ಬಟ್ಟೆಯ ಬಣ್ಣ ಹೋಗಬಾರದೆಂಬುದು ಕೊಳ್ಳುವವರ ಆಸೆ. ನೀರಿಗೆ ಬಿದ್ದ ಬಣ್ಣ ಹೋಗುವುದೇ ಇಲ್ಲವೆಂಬುದು ನದಿಯ ದಂಡೆಯಲ್ಲಿ ಬದುಕುವವರ ದೂರು. ಇವೆರಡೂ ಒಂದೇ ರಸಾಯನಶಾಸ್ತ್ರದ ಎರಡು ಮುಖಗಳು. ಬಿಸಿಲು, ಬೆವರು, ಸಾಬೂನು ಯಾವುದಕ್ಕೂ ಜಗ್ಗದಂತೆ ಅಣುವನ್ನು ಕಟ್ಟಿದ ಮೇಲೆ, ಅದೇ ಅಣು ನದಿಯಲ್ಲಿ ಮಾತ್ರ ಸುಲಭವಾಗಿ ಕರಗಿ ಮಾಯವಾಗಬೇಕೆಂದು ನಿರೀಕ್ಷಿಸುವುದು ಹೇಗೆ?

ವಿಲಿಯಂ ಪರ್ಕಿನ್ ಎಂಬ ಹದಿನೆಂಟರ ತರುಣ 1856ರಲ್ಲಿ ಲಂಡನ್ನಿನಲ್ಲಿ ಕಲ್ಲಿದ್ದಲ ಟಾರಿನ ರಾಸಾಯನಿಕದಿಂದ ನೇರಳೆ ಬಣ್ಣ ತಯಾರಿಸಿದ ಅಂದಿನಿಂದ ಸಾವಿರಾರು ಕೃತಕ ಬಣ್ಣಗಳು ಹುಟ್ಟಿಕೊಂಡಿವೆ. ಬಣ್ಣ ಹಾಕುವಾಗ ಎಲ್ಲವೂ ನೂಲಿಗೆ ಅಂಟುವುದಿಲ್ಲ. ಸಾಮಾನ್ಯವಾಗಿ ಶೇ 10ರಿಂದ 15ರಷ್ಟು ನೀರಿನೊಂದಿಗೆ ಹೊರಗೆ ಹೋಗುತ್ತದೆಂದು ಲೆಕ್ಕ ಹಾಕಲಾಗಿದೆ. ಲೀಟರಿಗೆ ಒಂದು ಮಿಲಿಗ್ರಾಂನಷ್ಟಿದ್ದರೂ ಸಾಕು, ಕೆಲವು ಬಣ್ಣಗಳು ಬರಿಗಣ್ಣಿಗೆ ಕಾಣುತ್ತವೆ. ಬಣ್ಣದ ನೀರಿನೊಳಗೆ ಬೆಳಕು ಇಳಿಯುವುದಿಲ್ಲ. ಬೆಳಕಿಲ್ಲದೆ ಪಾಚಿಯಿಲ್ಲ, ಪಾಚಿಯಿಲ್ಲದೆ ಮೀನಿಲ್ಲ. ಇನ್ನೂ ದೊಡ್ಡ ಆತಂಕ ಆಜೋ ವರ್ಗದ ಬಣ್ಣಗಳದು. ಆಮ್ಲಜನಕವಿಲ್ಲದ ಕೆಸರಿನಲ್ಲಿ ಅವು ಒಡೆದಾಗ ಆರೊಮ್ಯಾಟಿಕ್ ಅಮೈನುಗಳು ಉಂಟಾಗುತ್ತವೆ. ಅವುಗಳಲ್ಲಿ ಕೆಲವು ಕ್ಯಾನ್ಸರ್‌ಕಾರಕ. ಅಂದರೆ ನೀರು ತಿಳಿಯಾಗಿ ಕಂಡಿತೆಂದು ವಿಷ ಹೋಯಿತೆಂದು ಅರ್ಥವಲ್ಲ.

ತಮಿಳುನಾಡಿನ ತಿರುಪ್ಪೂರು ಇದಕ್ಕೆ ದೇಶಕ್ಕೇ ಗೊತ್ತಿರುವ ಉದಾಹರಣೆ. ಅಲ್ಲಿನ ಬಣ್ಣದ ಘಟಕಗಳ ನೀರು ನೊಯ್ಯಲ್ ನದಿಯನ್ನು ಸೇರಿ, ನೀರಾವರಿಗೆಂದು ಕಟ್ಟಿದ ಒರತ್ತುಪಾಳಯಂ ಅಣೆಕಟ್ಟು ತ್ಯಾಜ್ಯದ ತೊಟ್ಟಿಯಾಯಿತು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಆ ಘಟಕಗಳನ್ನು ಮುಚ್ಚಲು ಆದೇಶಿಸಿತು. ಒಂದು ಕಡೆ ಹಾಳಾದ ಹೊಲಗಳು, ಇನ್ನೊಂದು ಕಡೆ ಕೆಲಸ ಕಳೆದುಕೊಂಡ ಕೂಲಿಕಾರರು. ನದಿಯೋ ಅನ್ನವೋ ಎಂಬ ಕ್ರೂರ ಪ್ರಶ್ನೆಯನ್ನು ಬಡವರ ಮುಂದಿಟ್ಟದ್ದು ಬಣ್ಣವಲ್ಲ, ಅದನ್ನು ತೆಗೆಯುವ ಉಪಾಯವನ್ನು ಸಕಾಲಕ್ಕೆ ಹುಡುಕದ ಉದಾಸೀನ.

ನಮ್ಮ ತುಂಗಭದ್ರೆಗೂ ಇಂಥದೇ ಕಥೆಯಿದೆ. ಕೂಡ್ಲಿಯಲ್ಲಿ ತುಂಗೆ ಮತ್ತು ಭದ್ರೆ ಸೇರಿ ಹೊನ್ನಾಳಿಯ ಮಗ್ಗುಲಲ್ಲಿ ಹರಿದು ಹರಿಹರಕ್ಕೆ ಸಾಗುವ ನದಿ ಇದು. ಮೇಲ್ಗಡೆ ಭದ್ರಾವತಿಯಲ್ಲಿ 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ ದಶಕಗಳ ಕಾಲ ಭದ್ರೆಯ ನೆರೆಯಲ್ಲಿ ನಡೆಯಿತು; 2015ರ ಸುಮಾರಿಗೆ ಉತ್ಪಾದನೆ ನಿಲ್ಲಿಸಿತು. ಕೆಳಗಡೆ ಕುಮಾರಪಟ್ಟಣದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯ ತ್ಯಾಜ್ಯದ ವಿರುದ್ಧ, ನೀರಿನ ಬಣ್ಣ ಮತ್ತು ಮೀನುಗಳ ಸಾವನ್ನು ಮುಂದಿಟ್ಟು, 1980ರ ದಶಕದಲ್ಲಿ ದಂಡೆಯ ಹಳ್ಳಿಗಳು ದನಿಯೆತ್ತಿದವು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ರೂಪುಗೊಂಡದ್ದು ಆ ಹೋರಾಟದ ಕಾಲದಲ್ಲೇ. ಅದೇ ಕೈಗಾರಿಕೆಗೆ ನೀಲಗಿರಿ ಬೆಳೆಯಲು ಹಳ್ಳಿಗಳ ಸಾಮೂಹಿಕ ಭೂಮಿ ಕೊಟ್ಟದ್ದನ್ನು ವಿರೋಧಿಸಿ 1987ರ ನವೆಂಬರಿನಲ್ಲಿ ಕುಸನೂರಿನಲ್ಲಿ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ ನಡೆಯಿತು. ಶಿವರಾಮ ಕಾರಂತರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ್ದೂ ಈ ಭೂಮಿಯ ಪ್ರಶ್ನೆಗಾಗಿಯೇ.

ತಿರುಳು ಕಾರ್ಖಾನೆಗೂ ಬಟ್ಟೆಯ ಬಣ್ಣಕ್ಕೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಸಂಬಂಧವಿರುವುದು ಲಿಗ್ನಿನ್ ಎಂಬ ವಸ್ತುವಿನಲ್ಲಿ. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ನನ್ನು ಬೇರ್ಪಡಿಸಿದಾಗಲೇ ಮರ ತಿರುಳಾಗುವುದು. ಹಾಗೆ ಬೇರ್ಪಟ್ಟ ಲಿಗ್ನಿನ್ ತ್ಯಾಜ್ಯ ನೀರಿಗೆ ಕಡುಕಂದು ಬಣ್ಣ ಕೊಡುತ್ತದೆ. ಅದರ ಅಣುಗಳಲ್ಲಿಯೂ ಕೃತಕ ಬಣ್ಣಗಳಲ್ಲಿರುವಂಥ ಬೆಂಜೀನ್ ಉಂಗುರಗಳಿವೆ. ಸಾಧಾರಣ ಬ್ಯಾಕ್ಟೀರಿಯಾಗಳು ಇವೆರಡರ ಮುಂದೆಯೂ ಸೋಲುತ್ತವೆ. ಆದ್ದರಿಂದಲೇ ಮಾಮೂಲಿ ಸಂಸ್ಕರಣಾ ಘಟಕದಿಂದ ಹೊರಬರುವ ನೀರಿನಲ್ಲಿ ಕೊಳೆಯುವ ಕಲ್ಮಶ ಇಳಿದಿದ್ದರೂ ಬಣ್ಣ ಉಳಿದುಬಿಡುತ್ತದೆ. ಸೂಕ್ಷ್ಮ ಪೊರೆಗಳಲ್ಲಿ ಸೋಸಿದರೆ ಬಣ್ಣ ಹೋಗುತ್ತದೆ ನಿಜ. ಆದರೆ ಖರ್ಚು ಹೆಚ್ಚು, ಮತ್ತು ಉಳಿಯುವ ಉಪ್ಪುಗಸಿಯನ್ನು ಎಲ್ಲಿ ಸುರಿಯಬೇಕೆಂಬ ಹೊಸ ತಲೆನೋವು.

ನಿಸರ್ಗದಲ್ಲಿ ಲಿಗ್ನಿನ್ನನ್ನು ಒಡೆಯಬಲ್ಲ ಸಮರ್ಥರೆಂದರೆ ಕೊಳೆತ ಮರದ ಮೇಲೆ ಬೆಳೆಯುವ ಕೆಲವು ಶಿಲೀಂಧ್ರಗಳು. ಅವುಗಳ ಮುಖ್ಯ ಆಯುಧಗಳಲ್ಲೊಂದು ಲ್ಯಾಕೇಸ್ ಎಂಬ ಕಿಣ್ವ. ಜಪಾನಿನ ಹಿಕೊರೊಕುರೊ ಯೊಶಿದಾ 1883ರಲ್ಲಿ ಅರಗಿನ ಮರದ ರಸದಲ್ಲಿ ಇದರ ಇರವನ್ನು ಗುರುತಿಸಿದರು. ನಾಲ್ಕು ತಾಮ್ರದ ಪರಮಾಣುಗಳನ್ನು ಹೊತ್ತ ಈ ಕಿಣ್ವ ಬಣ್ಣದ ಅಣುವಿನಿಂದ ಎಲೆಕ್ಟ್ರಾನುಗಳನ್ನು ಕಿತ್ತು ಗಾಳಿಯ ಆಮ್ಲಜನಕಕ್ಕೆ ಒಪ್ಪಿಸುತ್ತದೆ. ಆಮ್ಲಜನಕ ನೀರಾಗುತ್ತದೆ, ಬಣ್ಣದ ಅಣು ಅಸ್ಥಿರವಾಗಿ ಮುರಿಯುತ್ತದೆ. ಬೇರೆ ದುಬಾರಿ ರಾಸಾಯನಿಕವಿಲ್ಲದೆ ನಡೆಯುವ ಕ್ರಿಯೆಯಿದು.

ಆದರೆ ಕಾಡಿನ ಶಿಲೀಂಧ್ರಕ್ಕೆ ಒಂದು ದೌರ್ಬಲ್ಯವಿದೆ. ಬಣ್ಣ ನೂಲಿಗೆ ಹತ್ತಲೆಂದು ಡೈಯಿಂಗ್ ಘಟಕಗಳು ಹೇರಳವಾಗಿ ಉಪ್ಪು ಸುರಿಯುತ್ತವೆ. ಉಪ್ಪಿನ ಕ್ಲೋರೈಡ್ ಲ್ಯಾಕೇಸಿನ ಕೈಕಟ್ಟುತ್ತದೆ. ಹಾಗಾದರೆ ಉಪ್ಪಿನಲ್ಲೇ ಹುಟ್ಟಿ ಬೆಳೆದ ಶಿಲೀಂಧ್ರವನ್ನು ಹುಡುಕಬಾರದೇಕೆ? ಗೋವೆಯ ದೋನಾ ಪಾವ್ಲಾದಲ್ಲಿರುವ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಚಂದ್ರಲತಾ ರಘುಕುಮಾರ್ ಮತ್ತು ಸಂಗಡಿಗರು ಕೈಗೆತ್ತಿಕೊಂಡದ್ದು ಇದೇ ದಾರಿಯನ್ನು. ಪಶ್ಚಿಮ ಕರಾವಳಿಯಾಚೆಯ ಹವಳದ ಲಗೂನಿನಲ್ಲಿ ಕೊಳೆಯುತ್ತಿದ್ದ ಕಡಲ ಹುಲ್ಲಿನಿಂದ ಪಡೆದ ಫ್ಲಾವೊಡಾನ್ ಫ್ಲೇವಸ್ ಎಂಬ ಶಿಲೀಂಧ್ರ ಲಿಗ್ನಿನ್ ಒಡೆಯುವ ಮೂರೂ ಮುಖ್ಯ ಬಗೆಯ ಕಿಣ್ವಗಳನ್ನು ಸ್ರವಿಸುತ್ತದೆಂದೂ ಕಾಂಗೋ ರೆಡ್‌ನಂಥ ಹಲವು ಬಣ್ಣಗಳನ್ನು ಅಳಿಸುತ್ತದೆಂದೂ 1999ರ ಸಂಶೋಧನಾ ಲೇಖನ ತೋರಿಸಿಕೊಟ್ಟಿತು. ಮುಂದೆ ಗೋವೆಯ ಚೋರಾವ್ ದ್ವೀಪದ ಕಾಂಡ್ಲಾ ಕಾಡಿನ ಕೊಳೆತ ಮರದಿಂದ ಇನ್ನೊಂದು ಶಿಲೀಂಧ್ರ ಸಿಕ್ಕಿತು. ಜವಳಿ ಗಿರಣಿ, ಕಾಗದ ಮತ್ತು ಡಿಸ್ಟಿಲರಿ ತ್ಯಾಜ್ಯದ ನಡುವೆ ಅದು ಕುಗ್ಗುವ ಬದಲು ಇನ್ನೂ ಹೆಚ್ಚು ಲ್ಯಾಕೇಸ್ ಉತ್ಪಾದಿಸಿತೆಂಬುದು 2006ರಲ್ಲಿ ಪ್ರಕಟವಾದ ಫಲಿತಾಂಶ. ಶತ್ರುವನ್ನು ಕಂಡಾಗ ಬಲ ಹೆಚ್ಚುವ ಯೋಧನಂತೆ!

2010ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನ ನಮಗೆ ಇನ್ನೂ ಮುಖ್ಯವೆಂದು ನಾನು ಭಾವಿಸುತ್ತೇನೆ. ಅಲ್ಲಿ ಬಳಸಿದ್ದು ಪ್ರಯೋಗಾಲಯದಲ್ಲಿ ಕಲಸಿದ ಬಣ್ಣದ ನೀರನ್ನಲ್ಲ, ಗಿರಣಿಯ ಕಚ್ಚಾ ತ್ಯಾಜ್ಯವನ್ನೇ. ಆಮ್ಲ-ಕ್ಷಾರ ಗುಣದಲ್ಲಿ ಒಂದಕ್ಕೊಂದು ತೀರ ಭಿನ್ನವಾದ ಎರಡು ತ್ಯಾಜ್ಯಗಳ ಮೇಲೆ ನಾಲ್ಕು ಕಡಲ ಶಿಲೀಂಧ್ರಗಳನ್ನು ಬಿಟ್ಟು ನೋಡಿದಾಗ ಶೇ 30ರಿಂದ 60ರಷ್ಟು ಬಣ್ಣ ಇಳಿಯಿತು. ನೀರು ನಿರ್ವಿಷವಾಯಿತೇ ಎಂದು ತಿಳಿಯಲು ಆರ್ಟೀಮಿಯಾ ಎಂಬ ಪುಟ್ಟ ಸೀಗಡಿಯಂಥ ಜೀವಿಯ ಮರಿಗಳನ್ನು ಬಳಸಿ ಪರೀಕ್ಷಿಸಿದರು, ವಿಷತ್ವವೂ ತಗ್ಗಿತ್ತು. ಬಣ್ಣವನ್ನಷ್ಟೇ ಅಳೆಯದೆ ಜೀವವನ್ನೂ ಅಳತೆಗೋಲಾಗಿ ಇಟ್ಟುಕೊಂಡದ್ದು ಈ ಕೆಲಸದ ಹಿರಿಮೆ.

ಹಾಗೆಂದು ಕಡಲ ಶಿಲೀಂಧ್ರ ಸಂಜೀವಿನಿಯೆಂದು ಸಾರುವುದು ತಪ್ಪಾದೀತು. ಶೇ 60 ಎಂದರೆ ಪೂರ್ತಿಯಲ್ಲ. ಗಂಟೆಗಳಲ್ಲಿ ಮುಗಿಯಬೇಕಾದ ಕೆಲಸಕ್ಕೆ ಶಿಲೀಂಧ್ರ ದಿನಗಳನ್ನು ಕೇಳುತ್ತದೆ. ಲ್ಯಾಕೇಸ್ ಕೆಲಸ ಮಾಡುವುದು ಸಾಮಾನ್ಯವಾಗಿ ಆಮ್ಲೀಯ ನೀರಿನಲ್ಲಿ; ಡೈಯಿಂಗ್ ತ್ಯಾಜ್ಯ ಬಹುಮಟ್ಟಿಗೆ ಕ್ಷಾರೀಯ. ಬಯಲಿನ ಟ್ಯಾಂಕಿನಲ್ಲಿ ಬ್ಯಾಕ್ಟೀರಿಯಾಗಳು ನುಗ್ಗಿ ಶಿಲೀಂಧ್ರವನ್ನು ಮೂಲೆಗೊತ್ತುತ್ತವೆ. ಈ ಉಪಾಯ ಇತರ ಸಂಸ್ಕರಣೆಗೆ ಹೆಗಲು ಕೊಡಬಹುದೇ ಹೊರತು ಅದರ ಜಾಗದಲ್ಲಿ ಕೂರಲಾರದು.

ಆದರೂ ಒಂದು ವಿಪರ್ಯಾಸ ನನ್ನನ್ನು ಕಾಡುತ್ತದೆ. ಲ್ಯಾಕೇಸ್ ಕಿಣ್ವ ಉದ್ಯಮಕ್ಕೆ ಹೊಸದೇನಲ್ಲ. ಜೀನ್ಸ್ ಬಟ್ಟೆಯ ನೀಲಿಯನ್ನು ಅಲ್ಲಲ್ಲಿ ಮಾಸಿಸಿ ಹಳತರಂತೆ ಕಾಣಿಸಲು 1990ರ ದಶಕದಿಂದಲೇ ಅದು ಮಾರುಕಟ್ಟೆಯಲ್ಲಿದೆ. ಪ್ಯಾಂಟಿನ ಬಣ್ಣ ಮಾಸಿಸಲು ದೊರೆತ ಬಂಡವಾಳ ನೀರಿನ ಬಣ್ಣ ಕಳೆಯಲು ದೊರೆಯಲಿಲ್ಲ. ಮಾಸಿದ ಪ್ಯಾಂಟಿಗೆ ಗಿರಾಕಿ ಇದ್ದಾನೆ. ತಿಳಿಯಾದ ನೀರಿಗೆ ಗಿರಾಕಿ ಯಾರು? ಇದೇ ತುಂಗಭದ್ರೆಯ ಜಲಾನಯನದ ಬಳ್ಳಾರಿ ಜೀನ್ಸ್ ತಯಾರಿಕೆಗೆ ಹೆಸರಾಗಿದೆ. ಅಲ್ಲಿರುವುದು ಬಹುಪಾಲು ಸಣ್ಣ ಘಟಕಗಳು. ದುಬಾರಿ ಯಂತ್ರ ಹಾಕಿಸಲು ಅವಕ್ಕೆ ತಾಕತ್ತಿಲ್ಲ, ಮುಚ್ಚಿಸಿದರೆ ಬೀದಿಗೆ ಬೀಳುವವರು ಹೊಲಿಗೆ ಯಂತ್ರದ ಮುಂದೆ ಕುಳಿತವರು.

ಕಾನೂನಿಗೇನೂ ಬರವಿಲ್ಲ. ಜಲ ಮಾಲಿನ್ಯ ತಡೆ ಕಾಯ್ದೆ 1974ರದು. ಜವಳಿ ತ್ಯಾಜ್ಯದ ಬಣ್ಣಕ್ಕೆ 2016ರ ಕೇಂದ್ರ ಅಧಿಸೂಚನೆ 150 ಪ್ಲಾಟಿನಂ-ಕೋಬಾಲ್ಟ್ ಮಾನದ ಮಿತಿ ವಿಧಿಸಿದೆ. ಕೊರತೆಯಿರುವುದು ಪ್ರಯೋಗಾಲಯದ ಗಾಜಿನ ಬುಡ್ಡಿಗೂ ಕಾರ್ಖಾನೆಯ ತೊಟ್ಟಿಗೂ ನಡುವಿನ ಸೇತುವೆಯಲ್ಲಿ. ಆ ಸೇತುವೆಯನ್ನು ಕಟ್ಟಬೇಕಾದದ್ದು ಸರ್ಕಾರ. ಸಣ್ಣ ಘಟಕಗಳಿಗೆ ಸಾಮೂಹಿಕ ಸಂಸ್ಕರಣಾ ಘಟಕ ಕಟ್ಟಿ, ಅದರಲ್ಲಿ ಒಂದು ತೊಟ್ಟಿಯನ್ನಾದರೂ ಇಂಥ ಕಿಣ್ವಗಳ ಪರೀಕ್ಷೆಗೆ ಬಿಟ್ಟುಕೊಡಬೇಕು. ಒಂದೆರಡು ವರ್ಷ ನಡೆಸಿ ಫಲಿತಾಂಶವನ್ನು, ಸೋತರೆ ಸೋಲನ್ನೂ, ಜನರ ಮುಂದಿಡಬೇಕು. ಗೋವೆಯ ಕಾಂಡ್ಲಾ ಕಾಡಿನಲ್ಲಿ ಸಿಕ್ಕಿದ್ದು ನಮ್ಮ ಕಾಳಿ, ಅಘನಾಶಿನಿ ಅಳಿವೆಗಳ ಕಾಂಡ್ಲಾ ಕಾಡುಗಳಲ್ಲಿ ಸಿಗಬಾರದೆಂದೇನಿಲ್ಲ. ಬಂದರು, ರಸ್ತೆಗಳ ಹೆಸರಿನಲ್ಲಿ ಅವನ್ನು ಕಡಿಯುವ ಮುನ್ನ ಅಲ್ಲಿ ಕೊಳೆಯುವ ಮರದ ತುಂಡಿಗೂ ಬೆಲೆಯಿದೆಯೆಂಬುದನ್ನು ನೆನೆಯಬೇಕು.

ಹೊನ್ನಾಳಿಯಿಂದ ಕೆಳಗೆ ಹರಿಯುವ ನೀರನ್ನು ದಾವಣಗೆರೆಯೂ ಕುಡಿಯುತ್ತದೆ, ಮುಂದಿನ ಊರುಗಳೂ ಕುಡಿಯುತ್ತವೆ. ನದಿಯಲ್ಲಿ ಮೇಲಿನ ಊರಿನ ತ್ಯಾಜ್ಯವೇ ಕೆಳಗಿನ ಊರಿನ ಕುಡಿಯುವ ನೀರು. ಹಾಗಿರುವಾಗ ಬಣ್ಣ ತೆಗೆಯುವ ಖರ್ಚು ಬಣ್ಣ ಹಾಕಿದ ಬಟ್ಟೆಯ ಬೆಲೆಯಲ್ಲಿ ಸೇರಬೇಕೇ ಹೊರತು, ದಂಡೆಯಲ್ಲಿ ಕೊಡ ಹಿಡಿದು ನಿಂತವರ ಆರೋಗ್ಯದ ಲೆಕ್ಕಕ್ಕೆ ಬರೆಯಬಾರದು.