ತುಂಬಿದ ಬಾವಿಯ ನೀರು ಶುದ್ಧವೇ?

ಜೂನ್ ತಿಂಗಳ ಮೊದಲ ದೊಡ್ಡ ಮಳೆ ಬಿದ್ದ ಎಂಟು ಹತ್ತು ದಿನಗಳಲ್ಲಿ ನಮ್ಮ ಮನೆಗಳಲ್ಲಿ ವಾಂತಿಭೇದಿಯ ಸುದ್ದಿ ಕೇಳಿಬರುವುದು ವರ್ಷವೂ ಇದ್ದದ್ದೇ. ಹಲಸಿನ ಹಣ್ಣು ತಿಂದದ್ದು ಹೆಚ್ಚಾಯಿತೆಂದು ನಾವು ಸಮಾಧಾನ ಮಾಡಿಕೊಳ್ಳುತ್ತೇವೆ. ಹಲಸನ್ನು ದೂರುವ ಮುಂಚೆ ಬಾವಿಯ ಸುತ್ತ ಒಮ್ಮೆ ನೋಡುವುದು ಒಳ್ಳೆಯದು.

ನಮ್ಮ ಕಾಸರಗೋಡಿನ ನೆಲ ಹೆಚ್ಚಾಗಿ ಮುರಕಲ್ಲಿನದು. ನುಣುಪಾದ ಮಣ್ಣಿನಲ್ಲಿ ನೀರು ಮೆಲ್ಲನೆ ಇಳಿಯುವಾಗ ರೋಗಾಣುಗಳು ಮಣ್ಣಿನ ಕಣಗಳಿಗೆ ಅಂಟಿಕೊಂಡು ಅಲ್ಲಿಯೇ ಸಾಯುತ್ತವೆ. ಮುರಕಲ್ಲಿನಲ್ಲಿ ಹಾಗಲ್ಲ, ಅದರ ತುಂಬ ತೂತು, ಬಿರುಕು. ಹಿರಿಯರು ಗುಡ್ಡಕ್ಕೆ ಸುರಂಗ ಕೊರೆದು ನೀರು ಪಡೆದದ್ದೂ ಈ ಕಲ್ಲು ನೀರನ್ನು ಬಿಟ್ಟುಕೊಡುವುದರಿಂದಲೇ. ಅದೇ ದಾರಿಯಲ್ಲಿ ಹಟ್ಟಿಯ ಗಂಜಳ, ಕಕ್ಕಸು ಗುಂಡಿಯ ನೀರು ಸರಿಯಾಗಿ ಸೋಸದೆ ಬಾವಿಗೆ ಬರಬಹುದು.

ಬೇಸಿಗೆಯಲ್ಲಿ ಗುಂಡಿಯ ಅಡಿಗೂ ಅಂತರ್ಜಲಕ್ಕೂ ನಡುವೆ ಒಣ ನೆಲದ ದಪ್ಪ ಪದರ ಇರುತ್ತದೆ. ಆಟಿಯ ಹೊತ್ತಿಗೆ ಬಾವಿಯ ನೀರು ಮೇಲೇರಿದಂತೆ ಅದೇ ನೀರು ಗುಂಡಿಯ ಅಡಿಯನ್ನೂ ಮುಟ್ಟುತ್ತದೆ. ಬಾವಿ ತುಂಬಿತೆಂದು ನಾವು ಸಂತೋಷಪಡುವ ಕಾಲವೇ ಅಪಾಯದ ಕಾಲ. ತಂಪಾದ, ಒದ್ದೆ ನೆಲದಲ್ಲಿ ರೋಗಾಣುಗಳು ಹೆಚ್ಚು ದಿನ ಬದುಕುತ್ತವೆ ಕೂಡ.

ಬಾವಿಗೂ ಕಕ್ಕಸು ಗುಂಡಿಗೂ ಕನಿಷ್ಠ 7.5 ಮೀಟರ್, ಅಂದರೆ ಸುಮಾರು 25 ಅಡಿ ಅಂತರ ಇರಬೇಕೆಂಬುದು ಕೇರಳದ ಕಟ್ಟಡ ನಿಯಮ. ಗುಂಡಿ ಬಾವಿಗಿಂತ ಎತ್ತರದ ಬದಿಯಲ್ಲಿದ್ದರೆ ಇಷ್ಟೂ ಸಾಲದು. ಐದು ಸೆಂಟ್ಸ್ ಜಾಗದವರು ನೆರೆಮನೆಯ ಗುಂಡಿಯ ದೂರವನ್ನೂ ಅಳೆಯಬೇಕು. ಜಗಳವಾಗದಂತೆ ಅಳೆಯುವುದು ಸ್ವಲ್ಪ ಕಷ್ಟದ ಕೆಲಸ!

ಆದರೆ ಎಲ್ಲ ತಪ್ಪನ್ನು ಗುಂಡಿಯ ಮೇಲೆ ಹೊರಿಸುವಂತಿಲ್ಲ. ಆಫ್ರಿಕದ ಉಗಾಂಡಾ ದೇಶದ ಕಂಪಾಲಾ ನಗರದಲ್ಲಿ ಬಡಜನರು ಬಳಸುವ ಒರತೆಗಳನ್ನು ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಮಳೆ ಬಿದ್ದ ಬೆನ್ನಿಗೇ ನೀರು ಕೆಡುತ್ತಿದ್ದುದು ಕಂಡುಬಂತು. ಕಕ್ಕಸುಗಳಿಂದ ನೆಲದೊಳಗೆ ಇಳಿದು ಬಂದದ್ದಕ್ಕಿಂತ, ಒರತೆಯ ಸುತ್ತಲಿನ ಮಣ್ಣು ಸವೆದು ಮೇಲಿನ ಕೊಳೆನೀರು ಒಳಗಿಳಿದದ್ದೇ ಹೆಚ್ಚಿನ ಕಾರಣವಾಗಿತ್ತು. ನಮ್ಮ ಬಾವಿಕಟ್ಟೆಗಳ ಸ್ಥಿತಿ ಹೇಗಿದೆ? ಸಿಮೆಂಟು ಬಿರಿದಿದೆ, ಬಟ್ಟೆ ಒಗೆದ ನೀರು ಅಲ್ಲೇ ನಿಲ್ಲುತ್ತದೆ, ಹಗ್ಗ ಕೆಸರಿನಲ್ಲಿ ಬಿದ್ದಿರುತ್ತದೆ. ಬಿರುಕು ಮುಚ್ಚಿ, ನೀರು ದೂರ ಹರಿಯುವಂತೆ ಕಣಿ ತೆಗೆದರೆ ಅರ್ಧ ಕೆಲಸ ಆದಂತೆ. ಇದಕ್ಕೆ ಹೆಚ್ಚು ಖರ್ಚಿಲ್ಲ.

ಇನ್ನು ಬ್ಲೀಚಿಂಗ್ ಪೌಡರ್. ಸಾವಿರ ಲೀಟರ್ ನೀರಿಗೆ 2.5 ಗ್ರಾಂ ಒಳ್ಳೆಯ ಪೌಡರ್ ಸಾಕು. ಎರಡು ಮೀಟರ್ ಅಗಲದ ದುಂಡು ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ ಅದು ಸುಮಾರು 9,400 ಲೀಟರ್. 24 ಗ್ರಾಂ ಬೇಕು. ಪೌಡರನ್ನು ಬಕೆಟಿನಲ್ಲಿ ಕಲಸಿ, ನೀರು ತುಂಬಿ ಹತ್ತು ನಿಮಿಷ ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಕೊಡಪಾನದಲ್ಲಿ ಬಾವಿಗಿಳಿಸಿ ಮೇಲೆ ಕೆಳಗೆ ಎಳೆದು ಬೆರೆಸಬೇಕು. ಅಡಿಯ ಸುಣ್ಣ ಬೇಡ. ಒಂದು ಗಂಟೆಯ ನಂತರ ನೀರು ಬಳಸಬಹುದು. ಪೊಟ್ಟಣ ತೆರೆದಿಟ್ಟ ಹಳೆಯ ಪೌಡರಿಗೆ ಶಕ್ತಿಯಿಲ್ಲ.

ಕುಡಿಯುವ ನೀರನ್ನು ಇಷ್ಟಾದರೂ ಕುದಿಸಿಯೇ ಕುಡಿಯೋಣ. ಗುಳುಗುಳು ಕುದಿ ಬಂದು ಒಂದು ನಿಮಿಷವಾದರೆ ಸಾಕು. ನೆಂಟರು ಬಂದಾಗ ಬಿಸಿ ಜೀರಿಗೆ ನೀರಿಗೆ ಬಾವಿಯ ತಣ್ಣೀರು ಬೆರೆಸಿ ಕೊಡುವ ಅಭ್ಯಾಸ ನಮ್ಮಲ್ಲಿದೆ. ಆ ಒಂದು ಲೋಟ ತಣ್ಣೀರಿನಿಂದ ಕುದಿಸಿದ್ದೆಲ್ಲ ವ್ಯರ್ಥವಾಗುತ್ತದೆ.