ಬೆಟ್ಟಕ್ಕೆ ಹೊರಟವರ ನೀರಿನ ಲೆಕ್ಕ

ಸಿದ್ದಾಪುರದವರಿಗೆ ಬಂಡೆ ಹೊಸದಲ್ಲ. ನಾಲ್ಕು ಹೆಜ್ಜೆ ನಡೆದರೆ ಲಾಲ್‌ಬಾಗ್. ಅಲ್ಲಿ ಕೆಂಪೇಗೌಡರ ಗೋಪುರವನ್ನು ಹೊತ್ತು ನಿಂತಿರುವ, ಸುಮಾರು 300 ಕೋಟಿ ವರ್ಷ ಹಳೆಯ ಶಿಲೆ. ಬೆಳಗಿನ ಹೊತ್ತು ಅದರ ಮೇಲೆ ವಾಯುವಿಹಾರಿಗಳು ಹಾಯಾಗಿ ಕೂರುತ್ತಾರೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಅದೇ ಬಂಡೆಯ ಮೇಲೆ ಬರಿಗಾಲಿಡುವುದು ಕಷ್ಟ. ಸುರಿದ ಮಳೆಯೂ ಅಲ್ಲಿ ನಿಲ್ಲದೆ ಹರಿದುಹೋಗುತ್ತದೆ. ರಜೆ ಬಂತೆಂದರೆ ಈ ಬಡಾವಣೆಗಳ ಹುಡುಗ ಹುಡುಗಿಯರು ಚೀಲ ಬೆನ್ನಿಗೇರಿಸಿ ಹೊರಡುವ ಸಾವನದುರ್ಗ, ರಾಮನಗರದ ಬೆಟ್ಟಗಳ ಗುಣವೂ ಇದೇ.

ಸಾವನದುರ್ಗದ ಎತ್ತರ ಸಮುದ್ರಮಟ್ಟದಿಂದ 1,226 ಮೀಟರ್. ದಾರಿಯ ಬಹುಪಾಲು ಬೋಳು ಬಂಡೆ, ನೆರಳು ಅಪರೂಪ. ಇಂಥ ಬೆಟ್ಟಗಳ ಮೇಲೆ ಕೋಟೆ ಕಟ್ಟಿದವರಿಗೆ ಮಳೆನೀರು ನಿಲ್ಲುವ ದೊಣೆಗಳೇ ಆಧಾರವಾಗಿದ್ದವು. ಈಗ ಪಾಚಿಗಟ್ಟಿದ ದೊಣೆಯ ನೀರನ್ನು ನಂಬಿ ಹೋಗುವಂತಿಲ್ಲ. ಕುಡಿಯುವ ನೀರು ಮನೆಯಿಂದಲೇ ಹೋಗಬೇಕು.

ಎಷ್ಟು ನೀರು? ಉತ್ತರ ಬೆವರಿನಲ್ಲಿದೆ. ಒಂದು ಗ್ರಾಂ ಬೆವರು ಆವಿಯಾಗುವಾಗ ಚರ್ಮದಿಂದ ಸುಮಾರು 580 ಕ್ಯಾಲರಿ ಶಾಖವನ್ನು ಹೀರಿಕೊಳ್ಳುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದೂ ಇದೇ ತತ್ತ್ವದಿಂದ. ಬಿಸಿಲಿನಲ್ಲಿ ಏರು ಹತ್ತುವವನು ಗಂಟೆಗೆ ಅರ್ಧದಿಂದ ಒಂದು ಲೀಟರ್ ಬೆವರಬಹುದು. ಅರವತ್ತು ಕಿಲೋ ತೂಕದವನ ದೇಹದಿಂದ 1.2 ಲೀಟರ್ ಹೋಯಿತೆಂದರೆ ತೂಕದ ನೂರಕ್ಕೆ ಎರಡು ಭಾಗ ಹೋದಂತೆ. ಆಗಲೇ ಕಾಲು ಸೋಲುತ್ತದೆ, ತಲೆ ನೋಯುತ್ತದೆ, ಎಲ್ಲಿ ಹೆಜ್ಜೆ ಇಡಬೇಕೆಂಬ ವಿವೇಚನೆಯೂ ಮಂಕಾಗುತ್ತದೆ. ಬಂಡೆಯ ಮೇಲೆ ಜಾರುವುದಕ್ಕೆ ಅಷ್ಟು ಸಾಕು.

ಆದ್ದರಿಂದ ಅರ್ಧ ದಿನದ ಚಾರಣಕ್ಕೆ ತಲೆಗೆ ಎರಡರಿಂದ ಮೂರು ಲೀಟರ್ ಬೇಕು. ಮೂರು ಲೀಟರಿಗೆ ಮೂರು ಕಿಲೋ ಭಾರವೇನೋ ಹೌದು. ಆದರೆ ಚೀಲದಲ್ಲಿ ನಡೆಯುತ್ತಾ ಹಗುರಾಗುವ ಸಾಮಾನು ಇದೇ. ಒಂದೇ ದೊಡ್ಡ ಬಾಟಲಿಗಿಂತ ಎರಡು ಮೂರು ಚಿಕ್ಕವು ಮೇಲು. ಒಂದು ಒಡೆದರೆ ಮತ್ತೊಂದು ಉಳಿಯುತ್ತದೆ. ನೀರು ಅರ್ಧ ಮುಗಿದಾಗ ತುದಿ ಇನ್ನೂ ದೂರವಿದ್ದರೆ ಹಿಂದಿರುಗುವುದೇ ಜಾಣತನ.

ಬೆವರಿನೊಂದಿಗೆ ಉಪ್ಪೂ ಹೋಗುತ್ತದೆ. ಬರೀ ನೀರನ್ನೇ ಮಿತಿಮೀರಿ ಕುಡಿದರೆ ರಕ್ತದ ಸೋಡಿಯಂ ಕುಸಿದು ಅದೂ ಅಪಾಯವೇ. ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿದರೆ ಮನೆಯ ಮದ್ದು ಸಿದ್ಧ. ಬೇಸಿಗೆಯ ರಾಮನವಮಿಗೆ ಪಾನಕ, ಉಪ್ಪು ಹಾಕಿದ ನೀರುಮಜ್ಜಿಗೆ ಹಂಚುವ ನಮ್ಮ ಪದ್ಧತಿಯಲ್ಲಿ ಈ ಜಾಣ್ಮೆ ಇದ್ದೇ ಇದೆ.

ಪಶ್ಚಿಮ ಘಟ್ಟದ ಲೆಕ್ಕ ಬೇರೆ. 1,712 ಮೀಟರ್ ಎತ್ತರದ ಕುಮಾರಪರ್ವತದಂಥ ಕಡೆ ಮಳೆ ಕಳೆದ ತಿಂಗಳುಗಳಲ್ಲಿ ತೊರೆ ಸಿಗಬಹುದು. ತಿಳಿಯಾಗಿ ಕಂಡ ನೀರೆಲ್ಲ ಶುದ್ಧವಲ್ಲ. ಆ ಎತ್ತರದಲ್ಲಿ ನೀರು ಸುಮಾರು 94 ಡಿಗ್ರಿಗೇ ಕುದಿಯುತ್ತದೆ. ಆದರೂ ಒಂದೆರಡು ನಿಮಿಷ ಚೆನ್ನಾಗಿ ಕುದಿಸಿದರೆ ರೋಗಾಣುಗಳು ಸಾಯುತ್ತವೆ. ಕಾಡಿನಲ್ಲಿ ಬೆಂಕಿ ಹಚ್ಚುವಂತಿಲ್ಲವಾದ್ದರಿಂದ ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಕಾಯುವುದು ಸುಲಭದ ದಾರಿ.

ಜೊತೆಗಾರ ತೊದಲತೊಡಗಿದರೆ, ಮೈ ಕಾದು ಗಲಿಬಿಲಿಗೊಂಡರೆ ಅದು ಬರೀ ಆಯಾಸವಲ್ಲ, ಬಿಸಿಲಾಘಾತ. ನೆರಳಿಗೆ ಒಯ್ದು, ಮೈಗೆ ನೀರು ಸುರಿದು ಗಾಳಿ ಬೀಸಬೇಕು. ಪ್ರಜ್ಞೆ ಇಲ್ಲದವನ ಬಾಯಿಗೆ ನೀರು ಹಾಕಬಾರದು. ತಡಮಾಡದೆ 108ಕ್ಕೆ ಕರೆ ಮಾಡಬೇಕು.

ಸಿದ್ಧತೆ ನೀರಿನಲ್ಲೇ ಮುಗಿಯುವುದಿಲ್ಲ. 2024ರ ಜೂನ್ ತಿಂಗಳಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಕರ್ನಾಟಕದಿಂದ ಹೋದ ತಂಡ ಹಿಮಗಾಳಿಗೆ ಸಿಲುಕಿ 9 ಮಂದಿ ಪ್ರಾಣ ಕಳೆದುಕೊಂಡರು. ಅನುಭವಿಗಳನ್ನೂ ಬೆಟ್ಟ ಪರೀಕ್ಷಿಸುತ್ತದೆ. ಟೋಪಿ, ಟಾರ್ಚು, ಸೀಟಿ, ಬೆಚ್ಚನೆಯ ಅಂಗಿ, ಒಂದು ಹೊತ್ತಿನ ಹೆಚ್ಚುವರಿ ತಿಂಡಿ ಚೀಲದಲ್ಲಿರಲಿ. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸು ಎಂಬುದನ್ನು ಮನೆಯಲ್ಲಿ ಒಂದು ಚೀಟಿಯ ಮೇಲೆ ಬರೆದಿಟ್ಟು ಹೋದರೆ, ಹುಡುಕುವವರಿಗೆ ಅದಕ್ಕಿಂತ ದೊಡ್ಡ ಸಹಾಯ ಬೇರಿಲ್ಲ.