ಡಿಸ್ಕ್ ಕೆಟ್ಟರೂ ಪಹಣಿ ಉಳಿಯುವುದು ಹೇಗೆ?

ಪಹಣಿ ಎಂದರೆ ಏನು ಎಂದು ಹೇರೂರಿನ ಯಾವ ಮನೆಯಲ್ಲಿ ಕೇಳಿದರೂ ಹೇಳುತ್ತಾರೆ. ಸೊಸೈಟಿಯಲ್ಲಿ ಬೆಳೆಸಾಲ ಪಡೆಯಲೂ ಅದು ಬೇಕು, ಅಣ್ಣತಮ್ಮಂದಿರು ತೋಟ ಪಾಲು ಮಾಡಿಕೊಳ್ಳಲೂ ಅದು ಬೇಕು. ಹಿಂದೆ ಇದು ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕದಲ್ಲಿ ಇರುತ್ತಿತ್ತು. 2000ದ ಸುಮಾರಿಗೆ ಕರ್ನಾಟಕ ಸರ್ಕಾರ ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಆಮೇಲೆ ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಈಗ ಸರ್ವೆ ನಂಬರ್ ಹಾಕಿದರೆ ಮೊಬೈಲಿನಲ್ಲೇ ಪಹಣಿ ಕಾಣುತ್ತದೆ. ನಮ್ಮ ಸ್ಕಾಲರ್‌ಶಿಪ್ ಅರ್ಜಿ, ಪಿಯುಸಿ ಫಲಿತಾಂಶ ಕೂಡ ಹೀಗೆಯೇ ಎಲ್ಲೋ ದೂರದ ಸರ್ವರ್‌ನಲ್ಲಿ ಕುಳಿತಿರುತ್ತವೆ. ಆ ಸರ್ವರ್‌ನ ಹಾರ್ಡ್‌ಡಿಸ್ಕ್ ಕೆಟ್ಟರೆ ಏನು ಗತಿ?

ಡಿಸ್ಕ್ ಕೆಡುವುದು ಅಪರೂಪವೇನಲ್ಲ. ಹಾರ್ಡ್‌ಡಿಸ್ಕ್ ಒಳಗೆ ತಟ್ಟೆಗಳು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತವೆ. ತಿರುಗುವ ಯಂತ್ರ ಎಂದಾದರೂ ಸವೆಯಲೇಬೇಕು. ಲಕ್ಷಾಂತರ ಡಿಸ್ಕ್ ಇಟ್ಟುಕೊಂಡಿರುವ ಅಮೆರಿಕದ ಬ್ಯಾಕ್‌ಬ್ಲೇಜ್ ಎಂಬ ಕಂಪನಿ ತನ್ನಲ್ಲಿ ಕೆಟ್ಟ ಡಿಸ್ಕ್‌ಗಳ ಲೆಕ್ಕವನ್ನು ಪ್ರಕಟಿಸುತ್ತದೆ. 2023ರಲ್ಲಿ ಅದರ ಪ್ರಮಾಣ ಶೇ. 1.4ರಷ್ಟಿತ್ತು. ಮನೆಯ ಒಂದು ಕಂಪ್ಯೂಟರಿಗೆ ಇದು ಸಣ್ಣ ಸಂಖ್ಯೆ. ಆದರೆ 1,000 ಡಿಸ್ಕ್ ಇರುವ ಕಡೆ ವರ್ಷಕ್ಕೆ 14, ಅಂದರೆ ತಿಂಗಳಿಗೆ ಒಂದಕ್ಕಿಂತ ಹೆಚ್ಚು ಡಿಸ್ಕ್ ಕೆಡುತ್ತದೆ. ಆದ್ದರಿಂದ ‘ಕೆಡದ ಡಿಸ್ಕ್’ ಹುಡುಕುವುದಕ್ಕಿಂತ ‘ಕೆಟ್ಟರೂ ಕೆಲಸ ನಿಲ್ಲದ ವ್ಯವಸ್ಥೆ’ ಮಾಡುವುದೇ ಜಾಣತನ.

ಈ ವ್ಯವಸ್ಥೆಯ ಹೆಸರು ರೇಡ್. 1988ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್‌ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕಾಟ್ಜ್ ಒಂದು ಪ್ರಬಂಧ ಮಂಡಿಸಿದರು. ದುಬಾರಿಯಾದ ಒಂದು ದೊಡ್ಡ ಡಿಸ್ಕ್ ಬದಲು ಅಗ್ಗದ ಹಲವು ಸಣ್ಣ ಡಿಸ್ಕ್‌ಗಳನ್ನು ಒಟ್ಟಿಗೆ ಕಟ್ಟಿ, ಒಂದು ಹೋದರೂ ಉಳಿದವು ಸಂಭಾಳಿಸುವಂತೆ ಮಾಡಬಹುದು ಎಂಬುದು ಅವರ ವಾದ.

ರೇಡ್‌ನಲ್ಲಿ ಹಲವು ಬಗೆಗಳಿವೆ. ಎಲ್ಲಕ್ಕಿಂತ ಸರಳವಾದದ್ದು ರೇಡ್ 1. ಇದನ್ನು ಕನ್ನಡಿ ಎನ್ನಬಹುದು. ಒಂದು ಡಿಸ್ಕ್‌ನಲ್ಲಿ ಬರೆದದ್ದು ಅದೇ ಕ್ಷಣ ಇನ್ನೊಂದರಲ್ಲೂ ದಾಖಲಾಗುತ್ತದೆ. ಅಂಗಡಿಯ ಬಿಲ್ ಬುಕ್ಕಿನಲ್ಲಿ ಕಾರ್ಬನ್ ಹಾಳೆ ಇಟ್ಟ ಹಾಗೆ. ಇದರ ತೊಂದರೆ ಖರ್ಚು: 4 ಟಿಬಿ ಜಾಗ ಬೇಕಾದರೆ 8 ಟಿಬಿ ಕೊಳ್ಳಬೇಕು.

ಖರ್ಚು ಕಡಿಮೆ ಮಾಡಲು ರೇಡ್ 5 ಇದೆ. ಇದರ ಗುಟ್ಟು ‘ಪ್ಯಾರಿಟಿ’. ಕಾಮರ್ಸ್ ಓದುವ ನನಗೆ ಇದು ಅರ್ಥವಾದದ್ದು ಲೆಕ್ಕಪತ್ರದ ಮೊತ್ತದಿಂದ. ಮೂರು ಡಿಸ್ಕ್‌ಗಳಲ್ಲಿ 40, 25, 60 ಎಂದು ಬರೆದಿದೆ, ನಾಲ್ಕನೆಯದರಲ್ಲಿ ಮೊತ್ತ 125 ಎಂದು ಬರೆದಿದೆ ಅಂದುಕೊಳ್ಳಿ. ಎರಡನೆಯ ಡಿಸ್ಕ್ ಕೆಟ್ಟಿತು. ಚಿಂತೆಯಿಲ್ಲ. 125ರಲ್ಲಿ 40 ಮತ್ತು 60 ಕಳೆದರೆ 25 ತಾನಾಗಿಯೇ ಸಿಗುತ್ತದೆ. ಕಂಪ್ಯೂಟರ್ ನಿಜವಾಗಿ ಕೂಡುವುದಿಲ್ಲ, ಅದರಲ್ಲಿ ಇರುವುದು 0 ಮತ್ತು 1 ಮಾತ್ರ. ಒಂದು ಸಾಲಿನಲ್ಲಿ 1ಗಳ ಸಂಖ್ಯೆ ಯಾವಾಗಲೂ ಸಮ ಇರುವಂತೆ ಅದು ಕೊನೆಯ ಅಂಕಿಯನ್ನು ಸೇರಿಸುತ್ತದೆ. 1, 0, 1 ಇದ್ದರೆ ಕೊನೆಗೆ 0. ಈಗ ಮೂರನೆಯದು ಅಳಿಸಿಹೋದರೆ ಉಳಿಯುವುದು 1, 0, 0. ಅಲ್ಲಿ ಒಂದೇ 1 ಇರುವುದರಿಂದ ಸಂಖ್ಯೆ ಬೆಸ. ಹಾಗಾದರೆ ಕಳೆದುಹೋದದ್ದು 1.

ಹೀಗೆ 4 ಟಿಬಿಯ ನಾಲ್ಕು ಡಿಸ್ಕ್ ಹಾಕಿದರೆ 12 ಟಿಬಿ ಬಳಸಲು ಸಿಗುತ್ತದೆ, ಒಂದು ಡಿಸ್ಕ್‌ನಷ್ಟು ಜಾಗ ಮಾತ್ರ ರಕ್ಷಣೆಗೆ ಹೋಗುತ್ತದೆ. ಈ ಪ್ಯಾರಿಟಿ ಒಂದೇ ಡಿಸ್ಕ್‌ನಲ್ಲಿ ಇರುವುದಿಲ್ಲ, ಎಲ್ಲ ಡಿಸ್ಕ್‌ಗಳಿಗೂ ಹಂಚಿಹೋಗಿರುತ್ತದೆ. ಆದರೆ ಎರಡು ಡಿಸ್ಕ್ ಒಟ್ಟಿಗೆ ಕೆಟ್ಟರೆ ರೇಡ್ 5 ಉಳಿಸಲಾರದು. ಒಂದು ಮೊತ್ತದಿಂದ ಎರಡು ಗೊತ್ತಿಲ್ಲದ ಸಂಖ್ಯೆ ಕಂಡುಹಿಡಿಯಲು ಆಗುವುದಿಲ್ಲವಲ್ಲ! ಅದಕ್ಕಾಗಿ ಎರಡು ಬಗೆಯ ಲೆಕ್ಕ ಇಡುವ ರೇಡ್ 6 ಇದೆ.

ಡಿಸ್ಕ್ ಕೆಟ್ಟಾಗ ವೆಬ್‌ಸೈಟ್ ನಿಲ್ಲುವುದಿಲ್ಲ, ಸ್ವಲ್ಪ ನಿಧಾನವಾಗಬಹುದು ಅಷ್ಟೆ. ಸರ್ವರ್ ಎಚ್ಚರಿಕೆ ಕೊಡುತ್ತದೆ. ಅದನ್ನು ಆಫ್ ಮಾಡದೆಯೇ ಸಿಬ್ಬಂದಿ ಕೆಟ್ಟ ಡಿಸ್ಕ್ ಎಳೆದು ಹೊಸದನ್ನು ತೂರಿಸುತ್ತಾರೆ. ಉಳಿದ ಡಿಸ್ಕ್‌ಗಳನ್ನು ಓದಿ ಹೊಸದನ್ನು ತುಂಬಿಸುವ ಕೆಲಸ ಶುರುವಾಗುತ್ತದೆ. 16 ಟಿಬಿ ಡಿಸ್ಕ್ ಅನ್ನು ಸೆಕೆಂಡಿಗೆ 200 ಎಂಬಿ ವೇಗದಲ್ಲಿ ತುಂಬಿಸಿದರೂ ಸುಮಾರು 22 ಗಂಟೆ ಬೇಕು. ರೇಡ್ 5ರಲ್ಲಿ ಅಷ್ಟು ಹೊತ್ತಿನಲ್ಲಿ ಇನ್ನೊಂದು ಡಿಸ್ಕ್ ಕೈಕೊಟ್ಟರೆ ಎಲ್ಲವೂ ಹೋಯಿತು. ಎಚ್ಚರಿಕೆಯ ದೀಪವನ್ನು ಯಾರೂ ನೋಡದೆ ವಾರಗಟ್ಟಲೆ ಬಿಟ್ಟರೆ ರೇಡ್ ಇದ್ದೂ ಇಲ್ಲದಂತೆ.

ಇಲ್ಲಿ ಬಹಳ ಜನ ತಪ್ಪು ತಿಳಿಯುವ ಒಂದು ಮಾತಿದೆ. ರೇಡ್ ಬೇರೆ, ಬ್ಯಾಕಪ್ ಬೇರೆ. ಯಾರೋ ತಪ್ಪಿ ಒಂದು ಫೈಲ್ ಅಳಿಸಿದರೆ ರೇಡ್ ಅದನ್ನು ಎಲ್ಲ ಡಿಸ್ಕ್‌ಗಳಿಂದಲೂ ಶ್ರದ್ಧೆಯಿಂದ ಅಳಿಸುತ್ತದೆ. ವೈರಸ್ ಕೆಡಿಸಿದ್ದನ್ನೂ ಹಾಗೆಯೇ ಬರೆದಿಡುತ್ತದೆ. ಜರ್ನಲ್‌ನಲ್ಲಿ 5,000 ಬದಲು 500 ಎಂದು ಬರೆದು, ಎರಡೂ ಖಾತೆಗಳಿಗೆ ಅದೇ ಹೋದರೆ ತಾಳೆಪಟ್ಟಿ ಸರಿಯಾಗಿಯೇ ಕೂಡಿಬರುತ್ತದೆ, ಲೆಕ್ಕ ಮಾತ್ರ ತಪ್ಪಾಗಿರುತ್ತದೆ. ಇದೂ ಹಾಗೆಯೇ. ಇನ್ನು ನಮ್ಮ ಮಳೆಗಾಲದ ಸಿಡಿಲು ಒಂದೇ ಪೆಟ್ಟಿಗೆಯಲ್ಲಿರುವ ನಾಲ್ಕೂ ಡಿಸ್ಕ್‌ಗಳನ್ನು ಒಟ್ಟಿಗೇ ಸುಡಬಲ್ಲದು.

2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಆದದ್ದು ಇದೇ. ಓವಿಎಚ್ ಎಂಬ ದೊಡ್ಡ ಹೋಸ್ಟಿಂಗ್ ಕಂಪನಿಯ ಐದು ಮಹಡಿಯ ದತ್ತಾಂಶ ಕೇಂದ್ರ ಬೆಂಕಿಗೆ ಸುಟ್ಟುಹೋಯಿತು. ಲಕ್ಷಗಟ್ಟಲೆ ವೆಬ್‌ಸೈಟ್‌ಗಳು ನಿಂತವು. ಬ್ಯಾಕಪ್ ಬೇರೆ ಊರಿನಲ್ಲಿದ್ದವರು ಮತ್ತೆ ಎದ್ದರು. ಬ್ಯಾಕಪ್ ಕೂಡ ಅದೇ ಕಟ್ಟಡದಲ್ಲಿದ್ದವರಿಗೆ ಏನೂ ಉಳಿಯಲಿಲ್ಲ. ಇಂಥ ಬೆಂಕಿಯ ಮುಂದೆ ಯಾವ ರೇಡ್ ಕೂಡ ನಿಲ್ಲುವುದಿಲ್ಲ.

ಒಂದೇ ಬಗೆಯ ರಕ್ಷಣೆಯನ್ನು ನಂಬಿ ಕೂರಬಾರದು ಎಂಬ ಪಾಠ ನಮಗೆ ಹೊಸದಲ್ಲ. ಯಮಾಮಾ ಯುದ್ಧದಲ್ಲಿ ಅನೇಕ ಹಾಫಿಜರು ಶಹೀದರಾದಾಗ, ಹಜರತ್ ಉಮರ್(ರ) ಅವರ ಸಲಹೆಯಂತೆ ಹಜರತ್ ಅಬೂಬಕರ್(ರ) ಅವರು ಪವಿತ್ರ ಕುರ್‌ಆನನ್ನು ಬರಹದಲ್ಲಿ ಒಟ್ಟುಗೂಡಿಸುವ ಕೆಲಸವನ್ನು ಹಜರತ್ ಜೈದ್ ಬಿನ್ ಸಾಬಿತ್(ರ) ಅವರಿಗೆ ವಹಿಸಿದರು. ಮುಂದೆ ಹಜರತ್ ಉಸ್ಮಾನ್(ರ) ಅವರ ಕಾಲದಲ್ಲಿ ಅದರ ಪ್ರತಿಗಳು ಬೇರೆ ಬೇರೆ ಪಟ್ಟಣಗಳಿಗೆ ಹೋದವು. ಕಂಠಪಾಠವೂ ನಿಲ್ಲಲಿಲ್ಲ, ಇಂದಿಗೂ ಮದರಸಾಗಳಲ್ಲಿ ನಡೆದಿದೆ.

ಕಂಪ್ಯೂಟರ್ ತಿಳಿದವರು ಹೇಳುವ ‘3-2-1’ ನಿಯಮವೂ ಇದನ್ನೇ ಹೇಳುತ್ತದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ. ನಮಗೆ ರೇಡ್ ಕೊಳ್ಳುವ ಅಗತ್ಯವಿಲ್ಲ. ಅಂಕಪಟ್ಟಿ, ಜಾತಿ-ಆದಾಯ ಪ್ರಮಾಣಪತ್ರ, ಟ್ಯಾಲಿ ಪ್ರಾಜೆಕ್ಟ್ ಇವೆಲ್ಲ ಮೊಬೈಲಿನಲ್ಲಿ ಮಾತ್ರ ಇದ್ದರೆ ಒಂದು ಪ್ರತಿಯನ್ನು ಪೆನ್‌ಡ್ರೈವ್‌ಗೆ, ಒಂದನ್ನು ಡ್ರೈವ್ ಖಾತೆಗೆ ಹಾಕಿಡಿ. ತಿಂಗಳಿಗೊಮ್ಮೆ ಆ ಪ್ರತಿಯನ್ನು ತೆರೆದು ನೋಡಿ. ತೆರೆಯದ ಬ್ಯಾಕಪ್ ಇದ್ದರೆಷ್ಟು, ಬಿಟ್ಟರೆಷ್ಟು? ಸ್ಕಾಲರ್‌ಶಿಪ್‌ನ ಕೊನೆಯ ದಿನ ಮೊಬೈಲ್ ನೀರಿಗೆ ಬಿದ್ದರೂ ಅರ್ಜಿ ಹಾಕಲು ಆಗಬೇಕು.